ಒದ್ದೆ ಕಂಬಳಿಯ ಪ್ರಶ್ನೆ

ಕಾಲೇಜು ಪ್ರವೇಶ ಪರೀಕ್ಷೆಗೆ ಪ್ರಶ್ನೆಪತ್ರಿಕೆ ತೆಗೆಯಲು ನನ್ನನ್ನು ವರ್ಷಾವರ್ಷ ಕರೆಯುತ್ತಿದ್ದದ್ದು ನನ್ನ ಭೌತಶಾಸ್ತ್ರವನ್ನು ಮೆಚ್ಚಿ ಅಲ್ಲ. ನನಗಿಂತ ಚೆನ್ನಾಗಿ ಬಲ್ಲವರು ನಮ್ಮ ಕಾಲೇಜಿನಲ್ಲೇ ಇದ್ದರು. ಆದರೆ ಅವರಿಗೆಲ್ಲ ಮಕ್ಕಳು, ಮಕ್ಕಳಿಗೆ ಜ್ವರ, ಅತ್ತೆಗೆ ಮಂಡಿನೋವು. ನಾನು ಹಿಂದೆ ಮುಂದೆ ಯಾರೂ ಇಲ್ಲದವಳು. ಮದುವೆಯಾಗಲಿಲ್ಲ, ಅಪ್ಪ ಅಮ್ಮ ಹೋಗಿ ಬಹಳ ಕಾಲವಾಯಿತು, ಇರುವ ಒಬ್ಬ ಅಣ್ಣ ದೂರದ ಊರಿನಲ್ಲಿ, ಸಂಜೆ ಮನೆಗೆ ಬರಲಿಲ್ಲವೆಂದರೆ ಎಲ್ಲಿ ಹೋದಳು ಎಂದು ಹುಡುಕುವವರಿಲ್ಲ. ಆ ಕೆಲಸಕ್ಕೆ ಇದಕ್ಕಿಂತ ದೊಡ್ಡ ಅರ್ಹತೆ ಬೇಕಿರಲಿಲ್ಲ.

ಯಾಕೆಂದರೆ ಪ್ರಶ್ನೆ ತೆಗೆಯುವವರನ್ನು ಒಂದು ಮನೆಯಲ್ಲಿ ಕೂಡಿಹಾಕುತ್ತಾರೆ. ಫೋನನ್ನು ಬಾಗಿಲಲ್ಲೇ ಒಪ್ಪಿಸಬೇಕು. ಕಿಟಕಿಯ ಗಾಜಿಗೆಲ್ಲ ಬಿಳಿ ಬಣ್ಣ. ಹೊರಗೆ ಬಿಸಿಲೋ ಮೋಡವೋ ಅಷ್ಟು ತಿಳಿಯುತ್ತದೆ. ಅಡುಗೆಯವರು, ಕಾವಲಿನವರು ಕೂಡ ನಮ್ಮ ಜೊತೆ ಒಳಗೇ. ಗೀಚಿದ ಕಾಗದವನ್ನೆಲ್ಲ ಸಂಜೆ ಬಕೆಟ್ ನೀರಿನಲ್ಲಿ ನೆನೆಸಿ, ಹಿಸುಕಿ, ಉಂಡೆ ಮಾಡಿ ಕೊಡಬೇಕು. ಅಲ್ಲೆಲ್ಲೋ ಗಂಟೆ ಬಾರಿಸಿ ಮಕ್ಕಳು ಪತ್ರಿಕೆ ಬಿಡಿಸಿದರು ಎಂದು ಗೊತ್ತಾದ ಮೇಲೆಯೇ ನಮ್ಮ ಬೀಗ ತೆಗೆಯುವುದು. ಅಲ್ಲಿಗೆ ಹೋಗಿದ್ದೆ ಎಂದು ಸಾಯುವವರೆಗೆ ಯಾರ ಮುಂದೆಯೂ ಬಾಯಿ ಬಿಡುವಂತಿಲ್ಲ. ಪಕ್ಕದ ಮನೆಯವರಿಗೆ ತರಬೇತಿಗೆ ಹೋಗುತ್ತೇನೆ ಎನ್ನುತ್ತಿದ್ದೆ. ಯಾವ ತರಬೇತಿ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ. ಬೇಕಾದರೆ ಬಂದು ಹಿಡಿದುಕೊಂಡು ಹೋಗಲಿ, ಮನೆಗೆ ಯಾರೋ ಬಂದ ಹಾಗಾದರೂ ಆಗುತ್ತದೆ.

ಉಳಿದವರು ಆ ಮನೆಯಲ್ಲಿ ಒಣಗಿಹೋಗುತ್ತಿದ್ದರು. ಮಗನ ಧ್ವನಿ ಕೇಳಬೇಕು ಅನಿಸುತ್ತದೆ ಎಂದು ಒಬ್ಬರು, ಮನೆಯ ಹಾಸಿಗೆ ಇಲ್ಲದೆ ನಿದ್ದೆ ಇಲ್ಲ ಎಂದು ಇನ್ನೊಬ್ಬರು. ನಾನೂ ಮುಖ ಸಪ್ಪಗೆ ಮಾಡಿಕೊಂಡು ಅವರ ಜೊತೆ ಹೂಂಗುಟ್ಟುತ್ತಿದ್ದೆ. ನಿಜ ಬೇರೆ ಇತ್ತು. ವರ್ಷದಲ್ಲಿ ನಾನು ನಾಲ್ಕು ಜನರ ನಡುವೆ ಕೂತು ಊಟ ಮಾಡುತ್ತಿದ್ದದ್ದು ಅಲ್ಲಿ ಮಾತ್ರ. ಯಾರಾದರೂ "ಉಪ್ಪು ಈ ಕಡೆ ಕೊಡಿ" ಎಂದರೂ ನನಗೆ ಹಿತವಾಗುತ್ತಿತ್ತು.

ಆ ವರ್ಷ ಮಾತ್ರ ನನ್ನ ಜೀವವೆಲ್ಲ ಮನೆಯ ಕಡೆಗಿತ್ತು. ಹೊರಡುವ ಮುಂಚೆ ಅಣ್ಣ ಫೋನು ಮಾಡಿದ್ದ. ಅವನಿರುವುದು ದೂರದ ಒಂದು ಗಣಿ ಊರು. ಅಲ್ಲಿ ಅವನದು ಸಣ್ಣ ವೆಲ್ಡಿಂಗ್ ಅಂಗಡಿ.

"ನಮ್ಮ ಯಾಕಮ್ಮ ಈ ಸಲ ಪರೀಕ್ಷೆ ಬರೀತಾಳೆ ಕಣೇ" ಎಂದ. "ನಿಮ್ಮೂರ ಕಾಲೇಜಲ್ಲಿ ಸೀಟು ಸಿಕ್ಕಿದ್ರೆ ನಿನ್ನ ಹತ್ರಾನೇ ಇರಲಿ. ಹಾಸ್ಟೆಲ್ಲು ಗೀಸ್ಟೆಲ್ಲು ನಂಗೆ ಆಗಲ್ಲ. ನಿಂಗೇನೂ ತೊಂದ್ರೆ ಇಲ್ವಲ್ಲ?"

"ನೋಡೋಣ. ಮೊದ್ಲು ಸಿಗಲಿ" ಎಂದೆ ಬಿಗುವಾಗಿ. ಫೋನಿಟ್ಟವಳೇ ಒಳಕೋಣೆಯ ಬಾಗಿಲು ತೆಗೆದೆ. ಹಳೆಯ ಪೆಟ್ಟಿಗೆಗಳನ್ನೆಲ್ಲ ಆಚೆ ಎಳೆದು, ಗುಡಿಸಿ, ಕಿಟಕಿಯ ಪಕ್ಕ ಮೇಜು ಹಾಕಿದೆ. ಬೆಳಕು ಎಡಗಡೆಯಿಂದ ಬರಲಿ ಎಂದು ಮತ್ತೆ ಅದನ್ನು ತಿರುಗಿಸಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೆ ಇದೇ. ಗೊತ್ತಿದ್ದೂ ಹೊಲಿಸಿದೆ.

ಯಾಕಮ್ಮ ಎಂದರೆ ಅಣ್ಣನ ಮಗಳು. ಮಾತು ಬಂದಾಗಿನಿಂದ ಎಲ್ಲದಕ್ಕೂ "ಯಾಕೆ" ಎನ್ನುತ್ತಿದ್ದಳೆಂದು ಆ ಹೆಸರು ಬಿದ್ದಿತ್ತು. ಒಂದು ರಜೆಯಲ್ಲಿ ಅತ್ತಿಗೆ ಆಸ್ಪತ್ರೆ ಸೇರಿದ್ದಾಗ ಹುಡುಗಿಯನ್ನು ನನ್ನ ಹತ್ತಿರ ಬಿಟ್ಟಿದ್ದರು. ಒಂದು ದಿನ ಹಿತ್ತಲಲ್ಲಿ ಕಂಬಳಿ ಒಗೆದು, ಹಗ್ಗವನ್ನು ತಾನೇ ಕಟ್ಟುತ್ತೇನೆಂದು ಹಟ ಹಿಡಿದು, ತಂತಿಯ ಹಾಗೆ ಬಿಗಿದು ಕಟ್ಟಿದಳು. ಒದ್ದೆ ಕಂಬಳಿ ಬಿದ್ದ ಕೂಡಲೇ ಹಗ್ಗ ಪಟ್ಟನೆ ಹರಿಯಿತು.

"ಯಾಕತ್ತೆ ಹರೀತು? ನಾನು ಗಟ್ಟಿಯಾಗೇ ಎಳೆದು ಕಟ್ಟಿದ್ನಲ್ಲ?"

"ಗಟ್ಟಿಯಾಗಿ ಎಳೆದು ಕಟ್ಟಿದ್ದಕ್ಕೇ ಹರೀತು."

ನಂಬಲಿಲ್ಲ. ಹಗ್ಗ ಬಿಗಿದಷ್ಟೂ ಅದರ ಮೇಲೆ ಎಳೆತ ಹೆಚ್ಚುತ್ತದೆ, ಸ್ವಲ್ಪ ಜೋಲಲು ಬಿಟ್ಟರೆ ಅದೇ ಹಗ್ಗ ಅದೇ ಕಂಬಳಿಯನ್ನು ಹೊರುತ್ತದೆ ಎಂದು ನಾನು ಚಿತ್ರ ಬರೆದು ತೋರಿಸಿದರೂ ಒಪ್ಪಲಿಲ್ಲ. ಮಧ್ಯಾಹ್ನವೆಲ್ಲ ಗಂಟು ಹಾಕಿ, ಬಿಚ್ಚಿ, ಮತ್ತೆ ಹಾಕಿ, ಕಂಬಳಿಯನ್ನು ಮಣ್ಣುಪಾಲು ಮಾಡಿ, ಕೊನೆಗೆ ಒಪ್ಪಿದಳು. ನನ್ನ ಇಡೀ ಕೆಲಸದ ಬದುಕಿನಲ್ಲಿ ಅಂಥ ವಿದ್ಯಾರ್ಥಿ ಇನ್ನೊಬ್ಬಳು ಸಿಗಲಿಲ್ಲ.

ಬೀಗ ಹಾಕಿದ ಮನೆಯಲ್ಲಿ ಆ ವರ್ಷ ನಾನು ತೆಗೆದ ಪ್ರಶ್ನೆಗಳಲ್ಲಿ ಒಂದು ಈ ಹಗ್ಗದ್ದು. ಒದ್ದೆ ಕಂಬಳಿಗೆ ಹಗ್ಗ ಹರಿಯುತ್ತದೆ, ಇದಕ್ಕಿಂತ ಗಟ್ಟಿ ಹಗ್ಗ ಇಲ್ಲ, ಇಂಥದ್ದೇ ಇನ್ನೊಂದನ್ನು ಇದೇ ಜಾಗದಲ್ಲಿ ಹೇಗೆ ಕಟ್ಟಿದರೆ ಉಳಿದೀತು? ಬರೆಯುವಾಗ ಯಾಕಮ್ಮನ ನೆನಪಿರಲಿಲ್ಲ ಎಂದರೆ ನೀವು ನಂಬಲಾರಿರಿ. ನಾನೇ ಅರ್ಧ ಮಾತ್ರ ನಂಬುತ್ತೇನೆ.

ಪ್ರತಿಯೊಬ್ಬರ ಪ್ರಶ್ನೆಯನ್ನೂ ಉದ್ದ ಮೇಜಿನ ಸುತ್ತ ಕೂತು ಗಟ್ಟಿಯಾಗಿ ಓದುವುದು ಅಲ್ಲಿಯ ಪದ್ಧತಿ. ನಮ್ಮ ಮೇಲೆ ಒಬ್ಬ ಹಿರಿಯರಿದ್ದರು, ನಿವೃತ್ತ ಪ್ರಾಂಶುಪಾಲರು. ಭೌತಶಾಸ್ತ್ರಕ್ಕೆ ನನ್ನ ಜೊತೆ ಇನ್ನೊಬ್ಬ ತರುಣ. ಹೊರಗಿನ ಗಾಳಿಯೇ ಸುಳಿಯದ ಆ ಮನೆಯಲ್ಲೂ ಬೆಳಿಗ್ಗೆ ಎದ್ದು ಟೈ ಕಟ್ಟಿಕೊಳ್ಳುತ್ತಿದ್ದ. ನಾವೆಲ್ಲ ಅವನನ್ನು ಟೈ ಮೇಷ್ಟ್ರು ಎನ್ನುತ್ತಿದ್ದೆವು. ನನ್ನ ಪ್ರಶ್ನೆ ಓದಿದಾಗ ಅವನೇ ಮೊದಲು ತಪ್ಪು ಉತ್ತರ ಹೇಳಿ, ಆಮೇಲೆ ನಾಲಿಗೆ ಕಚ್ಚಿಕೊಂಡ.

"ಇದು ಪ್ರಶ್ನೆ ಅಂದ್ರೆ" ಎಂದರು ಹಿರಿಯರು. "ಬಟ್ಟೆ ಒಣಗಿಸೋ ಹಗ್ಗ ಇಲ್ಲದ ಮನೆ ಯಾವುದಿದೆ? ದೊಡ್ಡ ಶಾಲೆ ಮಗುವಿಗೂ ಅಷ್ಟೇ, ಸಣ್ಣ ಶಾಲೆ ಮಗುವಿಗೂ ಅಷ್ಟೇ. ತಲೆ ಇದ್ದೋರಿಗೆ ಅಂಕ."

ಎಲ್ಲರೂ ತಲೆದೂಗಿದರು. ನಾನು ಮಾತ್ರ ಆಗಲೇ ನನ್ನ ಮನೆಯಲ್ಲಿದ್ದೆ. ಒಳಕೋಣೆಯ ಮೇಜಿನ ಮುಂದೆ ಯಾಕಮ್ಮ ಕೂತಿರುವುದು, ನಾನು ಅಡುಗೆಮನೆಯಿಂದ ಕೂಗುವುದು, ಅವಳು "ಯಾಕೆ" ಎನ್ನುವುದು, ಎಲ್ಲ ಕಣ್ಣಿಗೆ ಕಟ್ಟಿತು. ಆ ಒಂದು ಪ್ರಶ್ನೆ ಸರಿಯಾದರೆ ಸಾಲಿನಲ್ಲಿ ಸಾವಿರಾರು ಮಕ್ಕಳನ್ನು ದಾಟಿ ಮುಂದೆ ಹೋಗುತ್ತಾಳೆ. ನಮ್ಮೂರ ಕಾಲೇಜು ಸಿಕ್ಕರೂ ಸಿಕ್ಕೀತು.

ಮರುದಿನ ಬೆಳಿಗ್ಗೆ ಹಿರಿಯರಿಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟೆ. "ಹಗ್ಗದ ಪ್ರಶ್ನೆ ತೆಗೆದುಬಿಡಿ ಸರ್. ಪರೀಕ್ಷೆ ಬರೆಯೋ ಮಗು ಒಂದಕ್ಕೆ ಅದು ಗೊತ್ತು. ನಾನೇ ಹೇಳಿಕೊಟ್ಟಿದ್ದೀನಿ."

"ಯಾರು, ನಿಮ್ಮ ಮಗುವಾ?" ಎಂದು ಕೇಳಿ, ತಕ್ಷಣ ಸಂಕೋಚಪಟ್ಟರು.

"ಅಣ್ಣನ ಮಗಳು."

ಹಿರಿಯರು ಕನ್ನಡಕ ತೆಗೆದು ಒರೆಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಮನುಷ್ಯ. "ನೋಡಿ, ನಿಯಮದಲ್ಲಿ ಮಕ್ಕಳು, ಒಡಹುಟ್ಟಿದೋರು ಅಂತ ಇದೆ. ಅಣ್ಣನ ಮಗಳು ಅಂತ ಇಲ್ಲ. ಅದೂ ಯಾವತ್ತೋ ಹಿತ್ತಲಲ್ಲಿ ಆದ ಮಾತು. ನೀವು ಹೇಳಿಲ್ಲ, ನಾವು ಕೇಳಿಲ್ಲ."

ಟೈ ಮೇಷ್ಟ್ರು ಚಹಾದ ಲೋಟ ಹಿಡಿದು ಅಲ್ಲೇ ನಿಂತಿದ್ದ. "ಮೇಡಂ, ಕೋಚಿಂಗ್ ಮಕ್ಕಳು ಇಂಥ ಸಾವಿರ ಪ್ರಶ್ನೆ ಮೊದಲೇ ನೋಡ್ಕೊಂಡು ಬಂದಿರ್ತಾರೆ. ದುಡ್ಡು ಕೊಟ್ಟು ನೋಡಿದ್ರೆ ತಯಾರಿ, ಅತ್ತೆ ಮನೆ ಹಿತ್ತಲಲ್ಲಿ ನೋಡಿದ್ರೆ ಮೋಸಾನಾ?"

ಅವನ ಮಾತು ಕೇಳಿ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೌದಲ್ಲ, ಇರಲಿಬಿಡಿ ಎನ್ನಲು ಬಾಯಿಯನ್ನೂ ತೆರೆದೆ. ಆಗ ನನಗೆ ನನ್ನ ಮೇಲೇ ಹೆದರಿಕೆಯಾಯಿತು. ಆ ಪ್ರಶ್ನೆ ಉಳಿಯಲಿ ಎಂದು ನಾನು ಹಂಬಲಿಸುತ್ತಿದ್ದದ್ದು ನ್ಯಾಯಕ್ಕಾಗಿ ಅಲ್ಲ, ಯಾಕಮ್ಮನಿಗಾಗಿಯೂ ಪೂರ್ತಿ ಅಲ್ಲ. ನನ್ನ ಮನೆಯಲ್ಲಿ ಇನ್ನೊಂದು ಉಸಿರು ಇರಲಿ ಎಂದು. ತಕ್ಕಡಿ ಹಿಡಿದವಳೇ ಒಂದು ತಟ್ಟೆಯಲ್ಲಿ ಹತ್ತಿ ಕೂತರೆ ಅದೆಂಥ ತೂಕ?

"ತೆಗೀರಿ ಸರ್" ಎಂದೆ.

ತೆಗೆದರು. ಒಂದು ಪ್ರಶ್ನೆ ಬಿದ್ದರೆ ಅದರ ಜಾಗಕ್ಕೆ ಮೊದಲೇ ಬರೆದಿಟ್ಟ ಮೀಸಲು ಪ್ರಶ್ನೆಯನ್ನು ಹಾಕುತ್ತಾರೆ. ಮೀಸಲಿದ್ದದ್ದು ಟೈ ಮೇಷ್ಟ್ರದ್ದು. ಒಬ್ಬ ಮನುಷ್ಯ ಲಿಫ್ಟಿನೊಳಗೆ ತೂಕದ ಯಂತ್ರದ ಮೇಲೆ ನಿಂತಿದ್ದಾನೆ. ಲಿಫ್ಟು ಮೇಲೇರುತ್ತಾ ನಿಲ್ಲಲು ನಿಧಾನವಾಗುತ್ತಿದೆ. ಯಂತ್ರ ಹೆಚ್ಚು ತೋರಿಸುತ್ತದೋ, ಕಡಿಮೆಯೋ, ಮೊದಲಿನಷ್ಟೇ ಇರುತ್ತದೋ?

"ಲಿಫ್ಟೇ ನೋಡದ ಮಕ್ಕಳಿರ್ತಾರೆ" ಎಂದೆ.

"ಸೂತ್ರ ಎಲ್ಲರಿಗೂ ಒಂದೇ ಅಲ್ವಾ ಮೇಡಂ? ಪುಸ್ತಕದಲ್ಲಿದೆ" ಎಂದ ಟೈ ಮೇಷ್ಟ್ರು. ಅವನು ಕೆಟ್ಟವನಲ್ಲ. ಹುಟ್ಟಿದಾಗಿನಿಂದ ಲಿಫ್ಟಿನಲ್ಲಿ ಓಡಾಡಿದವನು, ಅಷ್ಟೇ.

"ಸೂತ್ರ ಒಂದೇ. ಆದ್ರೆ ಹತ್ತಿ ಇಳಿದೋರಿಗೆ ಸೂತ್ರಾನೇ ಬೇಕಾಗಲ್ಲ."

ಹಿರಿಯರಿಗೆ ಬೇಸರ ಬಂದಿತ್ತು. ಅಚ್ಚಿಗೆ ಕಳಿಸುವ ಹೊತ್ತು. "ಒಳ್ಳೇದನ್ನ ನೀವೇ ತೆಗೆಸಿದ್ರಿ. ಈಗ ಬದಲಿಗೆ ಬಂದದ್ದೂ ಬೇಡ ಅಂದ್ರೆ ಹೇಗಮ್ಮ?"

ಅಣ್ಣನ ಊರು ಕಣ್ಣ ಮುಂದೆ ಬಂತು. ಅಲ್ಲಿ ಎಲ್ಲಕ್ಕಿಂತ ಎತ್ತರದ್ದು ನೀರಿನ ಟ್ಯಾಂಕು, ಅದಕ್ಕೆ ಕಬ್ಬಿಣದ ಏಣಿ. ಅಂಥ ಊರುಗಳು ಎಷ್ಟಿವೆಯೋ, ಆ ಊರುಗಳಲ್ಲಿ ಯಾಕೆ ಎಂದು ಕೇಳುವ ಮಕ್ಕಳು ಎಷ್ಟಿದ್ದಾರೋ. ಮೇಜು ಗುದ್ದಿ ಜಗಳಾಡಬೇಕಿತ್ತು, ಜಗಳ ನನಗೆ ಹೊಸದೂ ಅಲ್ಲ. ಆದರೆ ಯಾಕಮ್ಮ ಲಿಫ್ಟು ಹತ್ತಿಲ್ಲ ಎಂದು ನನಗೆ ಗೊತ್ತಿತ್ತಲ್ಲ. ಇನ್ನು ಆ ಮಕ್ಕಳ ಪರವಾಗಿ ನಾನು ಏನೇ ಹೇಳಿದರೂ ಅದು ಅವಳಿಗಾಗಿ ಹೇಳಿದ್ದೇ ಆಗುತ್ತಿತ್ತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಬೇಡವೆಂದು ಹೊರಟವಳು ನಾನು. ಬೆಣ್ಣೆ ತೆಗೆಸಿದ್ದಾಗಿತ್ತು, ಸುಣ್ಣ ತಡೆಯುವ ಹಕ್ಕು ಉಳಿದಿರಲಿಲ್ಲ. ನಾನು ತಡೆಯಲಿಲ್ಲ, ಲಿಫ್ಟಿನ ಪ್ರಶ್ನೆ ಅಚ್ಚಿಗೆ ಹೋಯಿತು. ಸಂಜೆ ಹಗ್ಗದ ಪ್ರಶ್ನೆಯ ಕಾಗದವನ್ನು ಬಕೆಟ್ಟಿಗೆ ಹಾಕಿ ಹಿಸುಕಿದೆ.

ಪರೀಕ್ಷೆ ಆಯಿತು. ಬೀಗ ತೆಗೆದರು. ಎಲ್ಲರೂ ಫೋನು ಸಿಕ್ಕಿದ ಕೂಡಲೇ ಗೋಡೆಗೊಬ್ಬರಂತೆ ನಿಂತು ಮನೆಯವರ ಜೊತೆ ಮಾತಿಗೆ ತೊಡಗಿದರು. ನನ್ನ ಫೋನಿಗೆ ಯಾರ ಕರೆಯೂ ಬಂದಿರಲಿಲ್ಲ. ನಾನು ಚೀಲ ಹಿಡಿದು ಬಸ್ಸು ಹತ್ತಿದೆ.

ಫಲಿತಾಂಶ ಬಂದಾಗ ಅಣ್ಣ ಎರಡೇ ಮಾತು ಹೇಳಿದ. ನಮ್ಮೂರ ಕಾಲೇಜು ತಪ್ಪಿತು. ದೂರದ ಇನ್ನೊಂದು ಊರಿನಲ್ಲಿ ಸಿಕ್ಕಿದೆ, ಬೇರೆ ದಾರಿ ಇಲ್ಲ, ಹಾಸ್ಟೆಲ್ಲೇ. "ಒಳ್ಳೇದಾಯ್ತು ಬಿಡು, ಸಿಕ್ಕಿತಲ್ಲ" ಎಂದೆ. ಒಳಕೋಣೆಯ ಬಾಗಿಲನ್ನು ಮುಚ್ಚಿದೆ. ಆ ಕಡೆ ಸುಮಾರು ದಿನ ಹೋಗಲಿಲ್ಲ.

ಕಾಲೇಜು ಶುರುವಾದ ಮೇಲೆ ಒಂದು ಸಂಜೆ ಯಾಕಮ್ಮನೇ ಫೋನು ಮಾಡಿದಳು.

"ಸ್ವಲ್ಪದರಲ್ಲಿ ತಪ್ಪಿಹೋಯ್ತು ಅತ್ತೆ. ಇನ್ನೊಂದು ಪ್ರಶ್ನೆ ಸರಿ ಮಾಡಿದ್ರೆ ನಿಮ್ಮೂರೇ ಸಿಕ್ತಿತ್ತು ಅಂತ ನಮ್ಮ ಶಾಲೆ ಮೇಷ್ಟ್ರು ಲೆಕ್ಕ ಹಾಕಿ ಹೇಳಿದ್ರು."

"ಯಾವುದು ತಪ್ಪಾಯ್ತು?" ಎಂದೆ. ಕೇಳಬಾರದಿತ್ತು.

"ತಪ್ಪಾಗಿದ್ದು ಸುಮಾರಿದೆ. ಆದ್ರೆ ಹೊಟ್ಟೆ ಉರಿಸಿದ್ದು ಒಂದೇ, ಲಿಫ್ಟಿಂದು. ಕಣ್ಣು ಮುಚ್ಕೊಂಡು ಕೂತೆ ಅತ್ತೆ, ಒಳಗೆ ನಿಂತ್ರೆ ಹೇಗಿರುತ್ತೆ ಅಂತ. ಏನೂ ಬರಲಿಲ್ಲ. ಮೇಲೆ ಹೋಗೋದಲ್ವಾ, ಭಾರ ಜಾಸ್ತಿ ಆಗುತ್ತೆ ಅಂತ ಗುರುತು ಹಾಕಿಬಿಟ್ಟೆ." ಅವಳು ನಕ್ಕಳು. "ಇಲ್ಲಿ ಹಾಸ್ಟೆಲಲ್ಲಿ ಲಿಫ್ಟಿದೆ. ಬಂದ ದಿನಾನೇ ಹತ್ತಿದೆ. ನಿಲ್ಲೋ ಹೊತ್ತಿಗೆ ಮೈಯೆಲ್ಲ ಹಗುರ ಆಗುತ್ತೆ ಅತ್ತೆ, ಹೊಟ್ಟೆ ಒಳಗೇ ಗೊತ್ತಾಗುತ್ತೆ. ಯಾವ ಲೆಕ್ಕಾನೂ ಬೇಡ. ಒಂದೇ ಒಂದು ಸಲ ಹತ್ತಿದ್ರೆ ಸಾಕಿತ್ತು."

ಹೇಳಬೇಕಾದದ್ದೆಲ್ಲ ಬಿಸಿ ತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು.

"ಇಂಥದ್ದನ್ನ ಯಾಕೆ ಹಾಕ್ತಾರೆ ಅತ್ತೆ? ನಮ್ಮಂಥೋರೂ ಇದೀವಿ ಅಂತ ಅವರಿಗೆ ಗೊತ್ತಿರಲ್ವಾ?"

"ಗೊತ್ತಿರುತ್ತೋ ಏನೋ" ಎಂದೆ.

"ಗೊತ್ತಿದ್ರೆ ಯಾರಾದ್ರೂ ಹಾಕ್ತಾರಾ? ನೀನಾಗಿದ್ರೆ ಹಾಕ್ತಿರ್ಲಿಲ್ಲ."

"ಇಲ್ಲ ಮಗೂ" ಎಂದೆ, "ಹಾಕ್ತಿರ್ಲಿಲ್ಲ."

"ಅದಕ್ಕೇ ನಿನ್ನ ಹತ್ರ ಬಂದಿರೋಣ ಅಂತ ಇಷ್ಟು ಆಸೆ ಇತ್ತು ನಂಗೆ" ಎಂದು ಹೇಳಿ, ಊಟಕ್ಕೆ ಕರೆಯುತ್ತಿದ್ದಾರೆಂದು ಫೋನಿಟ್ಟಳು.