ಬೆಲ್ಲದ ನೀರು

“ಬಿಚ್ಚೋ ಅದನ್ನ! ಮದಲ ಬಿಚ್ಚು!” ಎನ್ನುತ್ತ ಅಮೃತವ್ವ ಬೇವಿನ ಗಿಡಕ್ಕೆ ಕಟ್ಟಿದ್ದ ಫ್ಲೆಕ್ಸನ್ನು ಎರಡೂ ಕೈಯಿಂದ ಜಗ್ಗಿದಳು. ಹಾಳಾದ ಹಗ್ಗ ಹರಿಯಲಿಲ್ಲ. ಫ್ಲೆಕ್ಸಿನಲ್ಲಿ ಅವಳ ಗಂಡ ಸಕ್ರಪ್ಪ ಮಿಂಚುವ ಕೋಟು ತೊಟ್ಟು, ಕೈಯಲ್ಲಿ ಗ್ಲಾಸು ಹಿಡಿದು, ವಾಲಿಕೊಂಡು ನಿಂತಿದ್ದ. ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದಿತ್ತು.

“ಮಂದಿಗೆ ಗುರ್ತ ಹತ್ತೂದು ಇದ ಫೋಟೋ ಕಾಕಿ,” ಎಂದ ಮಗ್ಗುಲ ಮನೆಯ ಹೊನ್ನೇಶ. “ನಮ್ಮ ಶಿಗ್ಲಿ ಊರಿನ ಕುಡುಕ ಸಕ್ರಪ್ಪ ಅಂದ್ರ...”

“ಒಂದ ಹನಿ ಮುಟ್ಟಿಲ್ಲೋ ನನ್ನ ಗಂಡ!”

“ಆತ ಬಿಡು ಕಾಕಿ. ಸತ್ತಾವರ ಮ್ಯಾಲ ಯಾಕ ಮಾತು?”

ನಂಬಲಿಲ್ಲ ಅವನು. ಇಷ್ಟು ವರ್ಷ ಯಾರು ನಂಬಿದ್ದರು, ಇವನು ನಂಬಲು?

*

ನಾಟಕ ಕಂಪನಿಯಲ್ಲಿ ಮಂದಿಯನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ ಸಕ್ರಪ್ಪನನ್ನು ಟೀವಿಯವರು ಬೆಂಗಳೂರಿಗೆ ಕರೆಸಿಕೊಂಡರು. ನೈಟ್‌ಕ್ಲಬ್ಬಿನಲ್ಲಿ ನಡೆಯುವ ಕಾಮಿಡಿಯಂತೆ. ಅವನ ಏಳು ತಲೆಮಾರಿನವರು ನೈಟ್‌ಕ್ಲಬ್ಬಿನ ಬಾಗಿಲು ಕಂಡಿರಲಿಲ್ಲ, ಇವನದು ಆ ಬಾಗಿಲಲ್ಲೇ ಬಿದ್ದೇಳುವ ಕುಡುಕನ ಪಾತ್ರ. “ಬರೇ ಬೆಲ್ಲದ ನೀರು ಕೊಡ್ತಾರ ಅಮೃತಾ, ಕುಡದು ಕುಡದು ಬಾಯೆಲ್ಲಾ ಅಂಟಂಟು,” ಎಂದು ಫೋನಿನಲ್ಲಿ ನಕ್ಕಿದ್ದ.

ಎರಡೇ ತಿಂಗಳಿಗೆ ಕಾಮಿಡಿ ನಿಂತಿತು. ಆ ಕುಡುಕ ಮಾತ್ರ ಬೆನ್ನು ಹತ್ತಿ ಊರಿಗೆ ಬಂದ. ಮಗಳು ಶೈಲಾಳನ್ನು ನೋಡಲು ಬಂದ ಮುಂಡರಗಿಯ ಮಂದಿ ಕುಡುಕರ ಮನೆಯೆಂದು ಚಹಾ ಕೂಡ ಮುಟ್ಟದೆ ಎದ್ದರು. ಕಂಪನಿಯವರು ಬೇರೆ ಪಾತ್ರ ಕೊಡಲಿಲ್ಲ. ಮದುವೆಗೆ ಹೋದರೂ ಅದೇ ಕಾಟ: “ಸಕ್ರಪ್ಪಣ್ಣಾ, ಒಂದ್ಸಲ ಬೀಳ್ರೀ!” ಹೊಟ್ಟೆ ಕೇಳಬೇಕಲ್ಲ, ಕೊಟ್ಟಷ್ಟು ಕಾಸಿಗೆ ಬೀಳುತ್ತಿದ್ದ.

ನಿನ್ನೆ ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಬಿದ್ದ. ಮಂದಿ ಸುತ್ತ ನೆರೆದು ನಕ್ಕರು, ಸೀಟಿ ಹೊಡೆದರು. ನಗು ನಿಲ್ಲುವಷ್ಟರಲ್ಲಿ ಮೈ ತಣ್ಣಗಾಗಿತ್ತು.

*

ಹಣೆಗೆ ವಿಭೂತಿ ಬಳಿದು, ರುಮಾಲು ಸುತ್ತಿ, ಸಕ್ರಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಭಜನೆ ನಡೆದಿತ್ತು. “ಬಾಯಾಗ ನೀರು ಬಿಡ್ರಿ, ಹೊತ್ತಾತು,” ಎಂದರು ಅಯ್ಯನವರು.

ಅಮೃತವ್ವ ಒಳಗೆ ಹೋದಳು. ಇಡೀ ಊರು ಅಂಗಳದಲ್ಲಿತ್ತು. ಇವತ್ತು ತೋರಿಸದಿದ್ದರೆ ಅವನು ಕುಡುಕನಾಗಿಯೇ ಮಣ್ಣಿಗೆ ಹೋಗುತ್ತಾನೆ. ಬೆಲ್ಲ ಕುಟ್ಟಿ ನೀರಿನಲ್ಲಿ ಕದಡಿದಳು. ಶೂಟಿಂಗಿನಿಂದ ಅವನು ತಂದಿಟ್ಟುಕೊಂಡಿದ್ದ ಅದೇ ಗ್ಲಾಸಿಗೆ ಸುರಿದುಕೊಂಡು ಹೊರಬಂದಳು.

“ನೋಡ್ರೀ ಎಲ್ಲಾರೂ! ಇದನ್ನ ಕುಡೀತಿದ್ದ ನನ್ನ ಗಂಡ! ಇದು ಬೆಲ್ಲದ ನೀರು!”

ಕೊನೆಯ ಮಾತು ಅಳುವಿನಲ್ಲಿ ಕರಗಿ ಯಾರಿಗೂ ಕೇಳಿಸಲಿಲ್ಲ. ಕಂಡದ್ದು ಗ್ಲಾಸು, ಅದರೊಳಗಿನ ಬಣ್ಣ. ಅವಳು ಅವನ ತುಟಿಗೆ ಹಿಡಿದಳು. ಬಿಗಿದು ಕಟ್ಟಿದ್ದ ಬಾಯಿ ತೆರೆಯಲಿಲ್ಲ, ನೀರು ಗಡ್ಡದ ಗುಂಟ ಇಳಿಯಿತು.

“ಶಾಬಾಸ್ ಕಾಕಿ! ಕಡೀಕ ನೀನ ಕುಡಿಸಿದಿ ನೋಡು!” ಎಂದು ಹಿಂದಿನಿಂದ ಯಾರೋ ಕೂಗಿದರು.

ಒಬ್ಬ ನಕ್ಕ. ಆಮೇಲೆ ಅಂಗಳವೇ ನಕ್ಕಿತು, ಮೊಬೈಲುಗಳು ಮೇಲೆದ್ದವು. ಅಯ್ಯನವರು ಕೂಡ ಸೆರಗಿನಂತೆ ಶಲ್ಯವನ್ನು ಬಾಯಿಗೆ ಅಡ್ಡ ಹಿಡಿದರು. ಅಮೃತವ್ವ ಗ್ಲಾಸನ್ನು ಮಡಿಲಿಗೆ ಹಾಕಿಕೊಂಡು ಗಂಡನ ಮಗ್ಗುಲಿಗೆ ಕುಸಿದಳು.

ಭಜನೆ ಮತ್ತೆ ಶುರುವಾಯಿತು. ಗೋಡೆಯ ಬಿರುಕಿನಿಂದ ಇರುವೆಗಳು ಸಾಲು ಹಿಡಿದು ಬಂದು, ಹೆಗಲು ಹತ್ತಿ, ಸಕ್ರಪ್ಪನ ತುಟಿಗೆ ಮುತ್ತಿದವು. ಅವಳು ನೋಡುತ್ತ ಕುಂತಳು, ಕೊಡವಲಿಲ್ಲ.