ನೆಲ ಒರೆಸಾಕೆ ಬರದವಳು

"ನೆಲ ಒರೆಸೋಕೆ ಬರಲ್ವೇನಮ್ಮ ನಿನಗೆ?"

ಇಂಜಿನಿಯರ್ ಪ್ರದೀಪ್ ಬೂಟಿನ ತುದಿಯಿಂದ ನೆಲವನ್ನು ಕೆದಕಿದ. ಬೂದಿ ಬಣ್ಣದ ಪುಡಿ ಎದ್ದಿತು. ಇನ್ನೊಮ್ಮೆ ಕೆದಕಿದ. ಬೂಟಿನ ಮೂತಿ ಮುಳುಗುವಷ್ಟು ಗುಂಡಿ ಬಿತ್ತು.

"ಸರ್ಕಾರ ಮನೆ ಕಟ್ಟಿಸಿಕೊಡಬೇಕು. ಆಮೇಲೆ ಅದನ್ನ ಹೇಗೆ ಇಟ್ಕೋಬೇಕು ಅಂತ ನಿಮಗೆ ಟ್ಯೂಷನ್ನೂ ಕೊಡಬೇಕು."

ಗಾದ್ರಮ್ಮ ಗೋಡೆಗೆ ಒರಗಿ ನಿಂತಿದ್ದಳು. ಇಪ್ಪತ್ತೆರಡು ವರ್ಷದಿಂದ ಅವಳು ಚನ್ನಗಿರಿ ಪೇಟೆಯ ಮನೆಗಳ ನೆಲ ಒರೆಸುತ್ತಿದ್ದಳು. ಎರಡೂ ಮೊಣಕಾಲ ಚಿಪ್ಪಿನ ಮೇಲೆ ಚರ್ಮ ದಡ್ಡುಗಟ್ಟಿ ಕರ್ರಗಾಗಿತ್ತು. ಅಂಥವಳಿಗೆ ಈ ಮಾತು.

ಇಂಜಿನಿಯರ್ ಪಕ್ಕದಲ್ಲಿ ಕಂಟ್ರ್ಯಾಕ್ಟರ್ ಗುರುಬಸವರಾಜ್ ನಿಂತಿದ್ದ. ನಲ್ಲೂರು ರಸ್ತೆಯ ಈ ಕಾಲನಿಯ ನಲವತ್ತು ಮನೆಗಳನ್ನು ಕಟ್ಟಿಸಿದವನು ಅವನೇ. ಹನ್ನೊಂದು ವರ್ಷದಿಂದ ಗಾದ್ರಮ್ಮ ದಿನಾ ಬೆಳಿಗ್ಗೆ ಮೊದಲು ಹೋಗಿ ಒರೆಸುವ ನೆಲವೂ ಅವನ ಮನೆಯದೇ.

"ಇವ್ರು ಹಿಂಗೇ ಸರ್," ಎಂದ ಗುರುಬಸವರಾಜ್. "ಸಗಣಿ ಸಾರ್ಸಿ ರೂಢಿ ಇವಕ್ಕೆ. ಸಿಮೆಂಟ್ ನೆಲಕ್ಕೂ ಕೊಡಗಟ್ಟಲೆ ನೀರು ಸುರೀತಾವೆ. ಮುಂಡೇವು."

"ನಾನು ನೀರು ಹಾಕಂಗೇ ಇಲ್ರೀ," ಗಾದ್ರಮ್ಮ ಬಾಯಿಬಿಟ್ಟಳು. "ಒದ್ದೆ ಬಟ್ಟೇನೂ ಮುಟ್ಸಿಲ್ಲ. ಕಸ ಗುಡಿಸಿದ್ರೆ ನೆಲಾನೇ ಪೊರಕೆ ಜೊತೆ ಬರ್ತೈತೆ. ಒಂದು ವರ್ಷದಾಗೆ ಮೂರು ಬೆರಳು ಇಳ್ದೈತೆ ನೋಡ್ರಿ, ಹೊಸ್ತಿಲ ಹತ್ರ."

ಇಂಜಿನಿಯರ್ ಹೊಸ್ತಿಲ ಕಡೆ ನೋಡಲಿಲ್ಲ. ಬಚ್ಚಲ ಬಳಿ ಇದ್ದ ಬಕೆಟ್ಟಿನ ಕಡೆ ನೋಡಿದ. ಅದರಲ್ಲಿ ನಲ್ಲಿಯಿಂದ ಹಿಡಿದಿಟ್ಟಿದ್ದ ಕುಡಿಯುವ ನೀರಿತ್ತು.

"ಅದನ್ನ ಇಲ್ಲಿ ಹಾಕು."

"ಯಾಕ್ರೀ?"

"ಹಾಕಮ್ಮ, ಟೆಸ್ಟ್ ಮಾಡಬೇಕು."

ಟೆಸ್ಟ್ ಅಂದರೆ ನೆಲದ ತಪ್ಪು ಗೊತ್ತಾಗುತ್ತದೆ ಎಂದುಕೊಂಡಳು ಗಾದ್ರಮ್ಮ. ಬಕೆಟ್ ಎತ್ತಿ ಸುರಿದಳು. ನೀರು ಹರಿಯಲೇ ಇಲ್ಲ. ನಿಂತಲ್ಲೇ ಗುಳುಗುಳು ಎಂದು ಇಂಗಿ, ನೆಲವೆಲ್ಲ ಕೆಸರಾಯಿತು. ಮೂಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದ ಅವಳ ಗಂಡ ಉಚ್ಚಂಗೆಪ್ಪ ಕೌದಿ ಎಳೆದುಕೊಂಡು ಗೋಡೆಗೆ ಸರಿದ. ಅವನು ಪೇಟೆಯ ಅಡಿಕೆ ಮಂಡಿಯಲ್ಲಿ ಚೀಲ ಹೊತ್ತು ಹೊತ್ತು ಬೆನ್ನು ಕಳೆದುಕೊಂಡವನು. ಈ ಮನೆಗೆ ಬಂದ ಮೇಲೆ ಕೆಮ್ಮೂ ಗಂಟುಬಿದ್ದಿತ್ತು. ಧೂಳಿಲ್ಲದ ಕಡೆ ಮಲಗಿಸಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು.

ಪ್ರದೀಪ್ ಮೊಬೈಲ್ ತೆಗೆದ. ಕೆಸರಿನದೊಂದು ಫೋಟೋ, ಖಾಲಿ ಬಕೆಟ್ ಹಿಡಿದು ನಿಂತ ಗಾದ್ರಮ್ಮನದೊಂದು ಫೋಟೋ.

"ಆಯ್ತು. ವಿಪರೀತ ನೀರು ಬಳಸಿದ್ದಾರೆ. ನಿರ್ವಹಣೆಯ ಕೊರತೆ."

ಆಗ ಅವಳಿಗೆ ಅರ್ಥವಾಯಿತು. ಬಕೆಟ್ ಕೈಯಲ್ಲೇ ಇತ್ತು.

"ನೀವೇ ಹಾಕು ಅಂದ್ರಲ್ರೀ!"

"ಏಯ್, ಸಾಹೇಬ್ರ ಮುಂದೆ ದನಿ ಏರಿಸಬ್ಯಾಡ," ಗುರುಬಸವರಾಜ್ ಗದರಿದ. ಹೊಸ್ತಿಲು ದಾಟುತ್ತಾ, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ: "ಮನ್ಯಾಗೆ ಉಂಡು ತಿಂದು ನಮ್ಮ ಮ್ಯಾಲೇ ಅರ್ಜಿ ಹಾಕ್ತೀಯೇನೇ ಲೌಡಿ? ನಾಳೆ ಬರ್ತೀಯಲ್ಲ ಒರೆಸಾಕೆ. ಅಲ್ಲೇ ಸಾಹೇಬ್ರ ಕಾಗದಕ್ಕೆ ಹೆಬ್ಬೆಟ್ಟು ಒತ್ತು. ಹಕ್ಕುಪತ್ರ ಇನ್ನೂ ನಿನ್ನ ಕೈಗೆ ಬಂದಿಲ್ಲ, ನೆನಪಿಟ್ಕೋ."

ಜೀಪು ಹೋಯಿತು. ಉಚ್ಚಂಗೆಪ್ಪ ಕೆಮ್ಮಿನ ನಡುವೆ ಒಂದೇ ಮಾತು ಬೈದ: "ಬೋಳಿಮಕ್ಳು."

*

ಅರ್ಜಿ ಹಾಕುವ ಯೋಚನೆ ಗಾದ್ರಮ್ಮನದಲ್ಲ. ಎದುರು ಮನೆಯ ಖಾಜಾಸಾಬ್‌ನದು. ಅವನು ನಲವತ್ತು ವರ್ಷ ಗಾರೆ ಕೆಲಸ ಮಾಡಿದವನು. ಪೇಟೆಯ ಹಳೇ ಮನೆಗಳ ಕೆಂಪು ಗಾರೆ ನೆಲಗಳಲ್ಲಿ ಅರ್ಧಕ್ಕರ್ಧ ಅವನ ಕೈಯಿಂದ ಆದವು. ಈ ಕಾಲನಿಗೆ ಬಂದ ತಿಂಗಳಿಗೇ ಅವನು ತನ್ನ ಮನೆಯ ನೆಲವನ್ನು ಕರಣೆಯಿಂದ ಅಗೆದು, ಒಂದು ಹೆಂಟೆ ತೆಗೆದು, ಎರಡು ಬೆರಳಲ್ಲಿ ಹಿಸುಕಿ ಗಾದ್ರಮ್ಮನಿಗೆ ತೋರಿಸಿದ್ದ.

"ನೋಡಕ್ಕ. ಇದ್ರಾಗೆ ಸಿಮೆಂಟ್ ಎಲ್ಲೈತೆ? ಕಲ್ಲಿನ ಕ್ರಷರ್ ಪುಡಿ ಹಾಸಿ, ಮ್ಯಾಲೆ ಕಾಗದದಂಗೆ ಒಂದು ಕೋಟಿಂಗ್ ಬಳ್ದವ್ನೆ. ನೀರು ಕಟ್ಟಿ ಕ್ಯೂರಿಂಗೂ ಮಾಡಿಲ್ಲ. ನೀನು ಹಾಲು ಹಾಕಿ ತೊಳೆದ್ರೂ ಇದು ನಿಲ್ಲಂಗಿಲ್ಲ."

ಅವನ ಮಗಳು ನಗ್ಮಾ ಅರ್ಜಿ ಬರೆದುಕೊಟ್ಟಳು. ನಲವತ್ತು ಮನೆಯವರನ್ನೂ ಕೇಳಿದರು. ಕೊನೆಗೆ ಹೆಬ್ಬೆಟ್ಟು ಒತ್ತಿದವರು ಗಾದ್ರಮ್ಮ ಮತ್ತು ಖಾಜಾಸಾಬ್ ಇಬ್ಬರೇ. ಆ ಅರ್ಜಿ ಮೇಲಿನ ಆಫೀಸಿಗೆ ಹೋಗಿ, ಅಲ್ಲಿಂದ ಕೆಳಗಿನ ಆಫೀಸಿಗೆ ಇಳಿದು, ಎಂಟು ತಿಂಗಳ ಮೇಲೆ ಇವತ್ತು ಇಂಜಿನಿಯರ್ ರೂಪದಲ್ಲಿ ಬಂದಿತ್ತು.

ಸಂಜೆ ಖಾಜಾಸಾಬ್ ಬಂದು ಕೆಸರು ನೋಡಿದ. ಅವನ ಮನೆಯಲ್ಲೂ ಅದೇ ಟೆಸ್ಟ್ ಆಗಿತ್ತು.

"ನಾನು ಒತ್ತಿಬಿಟ್ಟೆ ಅಕ್ಕ," ಎಂದ. ಮುಖ ಎತ್ತಲಿಲ್ಲ. "ನಗ್ಮಾಗೆ ಸಂಬಂಧ ನೋಡ್ತಾ ಇದೀವಿ. ಮನೆ ಇಲ್ಲ ಅಂದ್ರೆ ಯಾರು ಬರ್ತಾರೆ? ನೀನೂ ಒತ್ತಿಬಿಡು. ಒಬ್ಳೇ ಏನು ಮಾಡ್ತೀಯ."

ಗಾದ್ರಮ್ಮ ಬೈಯಬೇಕೆಂದುಕೊಂಡಳು. ಆದರೆ ಅವನ ಬೆರಳ ಸಂದಿಯಲ್ಲಿ ಸುಣ್ಣ, ಸಿಮೆಂಟು ತಿಂದ ಬಿಳಿ ಗಾಯಗಳು ಕಂಡವು. ಗಂಡನ ಚಾಪೆಯನ್ನು ಬಾಗಿಲ ಹೊರಗೆ ಕಟ್ಟೆಯ ಮೇಲೆ ಹಾಸಿದಳು.

*

ಗುರುಬಸವರಾಜ್‌ನ ಮನೆಯಲ್ಲಿ ಐದು ಬಗೆಯ ನೆಲವಿತ್ತು. ಹಿತ್ತಲಿಗೆ ಕಡಪಾ ಕಲ್ಲು. ಹೊರಗಿನ ಜಗುಲಿಗೆ ಮೊಸಾಯಿಕ್. ಅವನ ತಾಯಿ ಇದ್ದ ಹಿಂದಿನ ಕೋಣೆಗೆ ಮಾತ್ರ ಹಳೇ ಕೆಂಪು ಗಾರೆ. ಅದಕ್ಕೆ ಸೋಪು ಸೋಕಿಸದೆ, ಬರೀ ನೀರಲ್ಲಿ ಒರೆಸಿ, ಒಣಗಿದ ಮೇಲೆ ಕೊಬ್ಬರಿ ಎಣ್ಣೆ ತಾಗಿಸಿದ ಬಟ್ಟೆಯಿಂದ ತಿಕ್ಕಬೇಕು. ಅಡುಗೆಮನೆ, ಊಟದ ಮನೆಗೆ ಟೈಲ್ಸ್. ಅದಕ್ಕೆ ಸೋಪಿನ ಪುಡಿ ಒಂದು ಚಿಟಿಕೆ ಹೆಚ್ಚಾದರೂ ಬೆಳಕಿಗೆ ಮಂಜು ಕವಿದ ಹಾಗೆ ಕಾಣುತ್ತದೆ. ಸಂದಿಗಳನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ತಿಕ್ಕಬೇಕು. ಇನ್ನು ನಡುವಿನ ಹಾಲ್. ರಾಜಸ್ಥಾನದಿಂದ ಲಾರಿಯಲ್ಲಿ ಬಂದ ಬಿಳೀ ಮಾರ್ಬಲ್ಲು. ಹಿಂಡಿದ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಇನ್ನೊಮ್ಮೆ, ಹಿಂದುಹಿಂದಕ್ಕೆ ಸರಿದು, ತನ್ನ ಹೆಜ್ಜೆಯನ್ನು ತಾನೇ ಅಳಿಸುತ್ತಾ ಬಾಗಿಲ ತನಕ ಬರಬೇಕು.

ಇದನ್ನೆಲ್ಲ ಗಾದ್ರಮ್ಮನಿಗೆ ಯಾರೂ ಕಲಿಸಿದ್ದಲ್ಲ. ಕೈ ಸುಟ್ಟುಕೊಂಡು, ಬೈಸಿಕೊಂಡು ಕಲಿತದ್ದು. ಉದ್ದನೆ ಕೋಲಿನ ಮಾಪು ಮೂಲೆಯಲ್ಲಿ ನಿಂತೇ ಇತ್ತು. ಆದರೆ ಯಜಮಾನಿ ಸಂಧ್ಯಾರಾಣಿಗೆ ಕೋಲಿನಲ್ಲಿ ಒರೆಸಿದ್ದು ಒರೆಸಿದ ಹಾಗೆ ಅನಿಸುತ್ತಿರಲಿಲ್ಲ.

"ಕುಂತು ಒರೆಸೇ. ನಿಂತ್ಕೊಂಡು ಒರೆಸಿದ್ರೆ ಮೂಲೆ ಕಾಣಲ್ಲ."

ಮರುದಿನ ಗಾದ್ರಮ್ಮ ಹಾಲ್ ಒರೆಸಿ ಮುಗಿಸಿ ಬಾಗಿಲ ಬಳಿ ಬಟ್ಟೆ ಹಿಂಡುತ್ತಿದ್ದಾಗ ಇಂಜಿನಿಯರ್ ಬಂದ. ಬಾಗಿಲಲ್ಲೇ ಬಗ್ಗಿ ಬೂಟಿನ ದಾರ ಬಿಚ್ಚಿದ. ಬೂಟು ಹೊರಗಿಟ್ಟು, ಸಾಕ್ಸಿನಲ್ಲಿ ಮೆಲ್ಲಗೆ ಒಳಗೆ ಬಂದ. ನಿನ್ನೆ ತನ್ನ ಮನೆಯೊಳಗೆ ನಡೆದದ್ದು ಇದೇ ಬೂಟು ಎಂದು ಗಾದ್ರಮ್ಮ ನೋಡಿಕೊಂಡಳು. ಅಂಚಿಗೆ ಅವಳ ಮನೆಯ ಕೆಸರು ಒಣಗಿ ಬೂದಿಯ ಹಾಗೆ ಅಂಟಿತ್ತು.

"ಏನ್ರೀ ಮೇಡಂ ಇದು, ಮುಖ ಕಾಣುತ್ತೆ ನೆಲದಲ್ಲಿ!" ಪ್ರದೀಪ್ ಸೋಫಾದಲ್ಲಿ ಕುಳಿತ. "ನಮ್ಮನೇಲೂ ಮಾರ್ಬಲ್ಲೇ. ಎರಡು ವರ್ಷಕ್ಕೇ ಮಂಕಾಗಿ ಹೋಗಿದೆ. ನೀವು ಹೇಗೆ ಮೇಂಟೇನ್ ಮಾಡ್ತೀರಿ?"

"ನಾನೇ ಮುಂದೆ ನಿಂತು ಮಾಡಿಸ್ತೀನಿ ಸರ್. ಇವಕ್ಕೇನು ಗೊತ್ತಾಗ್ತೈತೆ," ಎಂದಳು ಸಂಧ್ಯಾರಾಣಿ. ಕಾಫಿ ಲೋಟ ಇಡುತ್ತಾ ಬಾಗಿಲ ಕಡೆ ತಿರುಗಿದಳು. "ಗಾದ್ರೀ, ಸಾಹೇಬ್ರ ಮನೆ ನೆಲ ಮಂಕಾಗೈತಂತೆ. ಯಾಕೆ ಹೇಳು."

ಗಾದ್ರಮ್ಮ ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ. "ನಿಂಬೆಹುಳಿ ಹಾಕಿ ತಿಕ್ಕಿರ್ತಾರೆ."

"ಹೌದು! ನನ್ನ ಹೆಂಡ್ತಿ ನಿಂಬೆಹಣ್ಣಿನ ಸಿಪ್ಪೆಯಲ್ಲೇ ಉಜ್ಜೋದು. ಹಾಕಬಾರದಾ?"

"ಹುಳಿ ಬಿದ್ರೆ ಆ ಕಲ್ಲು ಉರೀತೈತೆ ಸಾಹೇಬ್ರೆ. ಕಣ್ಣಿಗೆ ಕಾಣಂಗಿಲ್ಲ. ಹೊಳಪು ತಿಂದ್‌ಬಿಡ್ತೈತೆ."

"ಒಂದು ನಿಮಿಷ, ಒಂದು ನಿಮಿಷ." ಅವನು ಮೊಬೈಲ್ ತೆಗೆದು ಅವಳ ಕಡೆ ಹಿಡಿದ. "ಮೊದಲಿಂದ ಹೇಳು. ಹೆಂಡ್ತಿಗೆ ವಾಟ್ಸಾಪ್ ಕಳಿಸ್ತೀನಿ. ಯಾವ ಸೋಪು, ಎಷ್ಟು ನೀರು, ಎಲ್ಲಾ ಹೇಳು."

ಗಾದ್ರಮ್ಮ ಹೇಳಿದಳು. ನೀರು ಎಷ್ಟು ಕಮ್ಮಿ ಇರಬೇಕು, ಬಟ್ಟೆಯನ್ನು ಎಷ್ಟು ಹಿಂಡಬೇಕು, ಎಣ್ಣೆ ಬಿದ್ದರೆ ಮೊದಲು ಮೈದಾಹಿಟ್ಟು ಉದುರಿಸಿ ಯಾಕೆ ಬಿಡಬೇಕು. ಹೇಳುತ್ತಾ ಹೇಳುತ್ತಾ ಅವಳ ದನಿ ತಾನಾಗಿ ಗಟ್ಟಿಯಾಯಿತು. ತಾನು ಹೇಳಿದ್ದನ್ನು ಒಬ್ಬ ಇಂಜಿನಿಯರ್ ತಲೆಯಾಡಿಸಿ ಕೇಳುತ್ತಿದ್ದಾನೆ. ಎರಡೇ ನಿಮಿಷ, ಅವಳಿಗೆ ಹಿತವಾಯಿತು.

"ಗುಡ್," ಎಂದು ಮೊಬೈಲ್ ಜೇಬಿಗಿಟ್ಟು, ಅದೇ ಕೈಯಿಂದ ಫೈಲು ಬಿಚ್ಚಿದ. "ಎಲ್ಲಿ, ಈ ಕಾಗದಕ್ಕೊಂದು ಹೆಬ್ಬೆಟ್ಟು ಒತ್ತಿಬಿಡು."

ಗುರುಬಸವರಾಜ್ ಒಳಗಿನಿಂದ ಇಂಕಿನ ಪ್ಯಾಡು ತಂದು ಸೋಫಾದ ಮುಂದಿನ ಗಾಜಿನ ಮೇಜಿನ ಮೇಲಿಟ್ಟ. ಮುಚ್ಚಳ ತೆಗೆದು ಎದುರಿನ ಕುರ್ಚಿಯಲ್ಲಿ ಕುಳಿತ. ನೇರಳೆ ಬಣ್ಣದ ಮಸಿ, ಆಗಷ್ಟೇ ತುಂಬಿಸಿದ್ದು, ಒದ್ದೆಯಾಗಿ ಮಿಂಚುತ್ತಿತ್ತು.

ಗಾದ್ರಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದಳು. "ಏನು ಬರ್ದೈತೆ? ಓದ್ರಿ."

"ಓದೋದೇನಿದೆ..."

"ಓದ್ರಿ ಸಾಹೇಬ್ರೆ."

ಪ್ರದೀಪ್ ಉಸಿರು ಬಿಟ್ಟು ಓದಿದ. "ಫಲಾನುಭವಿಯು ನೆಲವನ್ನು ಸ್ವಚ್ಛಗೊಳಿಸುವ ಹಾಗೂ ನಿರ್ವಹಿಸುವ ಸರಿಯಾದ ಕ್ರಮವನ್ನು ಅರಿಯದೆ, ವಿಪರೀತ ನೀರು ಬಳಸಿದ್ದರಿಂದ ನೆಲ ಹಾಳಾಗಿರುತ್ತದೆ. ಕಾಮಗಾರಿಯಲ್ಲಿ ಯಾವುದೇ ದೋಷ ಇರುವುದಿಲ್ಲ."

ಅವನು ತಲೆ ಎತ್ತಿದಾಗ ಗಾದ್ರಮ್ಮ ಅವನ ಜೇಬನ್ನೇ ನೋಡುತ್ತಿದ್ದಳು.

"ಈಗ ಏನು ತುಂಬ್ಕೊಂಡ್ರಿ ಫೋನಿನಾಗೆ?"

"ಅದು ಬೇರೆ, ಇದು ಬೇರೆ ಕಣಮ್ಮ. ಇದು ಆಫೀಸಿಂದು."

"ನಾನೊಬ್ಳೇ ಅಲ್ವೇನ್ರೀ ಎರಡ್ರಾಗೂ ಇರೋದು? ಅಲ್ಲಿ ಬಲ್ಲೋಳು, ಇಲ್ಲಿ ಬರದೋಳು?"

"ಗಾದ್ರೀ!" ಸಂಧ್ಯಾರಾಣಿ ಹುಬ್ಬು ಗಂಟಿಕ್ಕಿದಳು. "ಸುಮ್ನೆ ಒತ್ತೇ. ಇನ್ನೂ ಹಿತ್ತಲು ತೊಳೆಯೋದೈತೆ."

"ಒತ್ತಂಗಿಲ್ರೀ ಅಮ್ಮಾರೆ. ನನ್ನ ಗಂಡ ಆ ಪುಡಿ ಕುಡಿದು ಸಾಯಾಕೆ ಬಿದ್ದವ್ನೆ. ನಾನು ನೆಲ ಕೆಡಿಸಿಲ್ಲ. ಕೆಡಿಸಾಕೆ ಅಲ್ಲಿ ನೆಲಾನೇ ಇರ್ಲಿಲ್ಲ."

ಗುರುಬಸವರಾಜ್ ಎದ್ದ. ಎರಡು ಹೆಜ್ಜೆಯಲ್ಲಿ ಬಂದು ಅವಳ ಎಡಗೈಯ ಮಣಿಕಟ್ಟು ಹಿಡಿದ. "ಏನೇ ನಿಂದು ಪುರಾಣ? ನಾಯಿಗೆ ನೆರಳು ಕೊಟ್ರೆ ಬಾಲನಾದ್ರೂ ಅಲ್ಲಾಡಿಸ್ತೈತೆ. ಒತ್ತೇ ಬೋಸುಡಿ!" ಎಂದು ಅವಳ ಹೆಬ್ಬೆರಳನ್ನು ಪ್ಯಾಡಿನೊಳಗೆ ಅದುಮಿದ. ಅದುಮಿದ ರಭಸಕ್ಕೆ ನಾಲ್ಕೂ ಬೆರಳು ಮಸಿಯಾದವು. ಪ್ರದೀಪ್ ಕಾಗದವನ್ನು ಮೇಜಿನ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿದ. ಅಲ್ಲಾಡದಿರಲಿ ಎಂದು.

ಗಾದ್ರಮ್ಮನ ಕೈ ಬಟ್ಟೆ ಹಿಂಡಿ ಹಿಂಡಿ ಗಟ್ಟಿಯಾದ ಕೈ. ಒಮ್ಮೆ ತಿರುಚಿದಳು. ಗುರುಬಸವರಾಜ್‌ನ ಹಿಡಿತ ಬಿಟ್ಟಿತು. ಅವಳು ಪ್ಯಾಡನ್ನೇ ಎತ್ತಿಕೊಂಡು ಹಿಂದಕ್ಕೆ ಸರಿದು, ಹಾಲ್‌ನ ನಟ್ಟನಡುವೆ ಮೊಣಕಾಲೂರಿ ಕುಳಿತಳು.

"ಕುಂತು ಒರೆಸಿದ್ದು ಇದು. ಹನ್ನೊಂದು ವರ್ಷ," ಎಂದಳು. ಪ್ಯಾಡಿನ ಮೇಲೆ ಅಂಗೈ ಇಟ್ಟು ಒತ್ತಿದಳು. "ನನ್ನ ಹೆಬ್ಬೆಟ್ಟು ಇದಕ್ಕೆ. ಈ ನೆಲ ನಂದು ಅಂತ ಒಪ್ತೀನಿ."

ಹೆಬ್ಬೆರಳು ಮಾರ್ಬಲ್ಲಿನ ಮೇಲೆ ಇಳಿಯಿತು. ಆಮೇಲೆ ಇಡೀ ಅಂಗೈ. ಮತ್ತೆ ಪ್ಯಾಡು, ಮತ್ತೆ ಅಂಗೈ. ಅವಸರವಿರಲಿಲ್ಲ. ಮೂಲೆಯೊಂದನ್ನೂ ಬಿಡದೆ ಒರೆಸುವಾಗ ಹೇಗೆ ಸರಿಯುತ್ತಿದ್ದಳೋ ಹಾಗೇ ಹಿಂದಕ್ಕೆ ಸರಿಯುತ್ತಾ, ಬಾಗಿಲ ತನಕ ಒತ್ತುತ್ತಾ ಬಂದಳು.

"ಅಯ್ಯಯ್ಯೋ! ಹಿಡ್ಕೊಳ್ರೀ ಅವ್ಳನ್ನ!" ಸಂಧ್ಯಾರಾಣಿ ಚೀರಿದಳು. ಗುರುಬಸವರಾಜ್ ಮುಂದೆ ಬಂದವನು ಹಸಿ ಮಸಿ ತುಳಿದು, ತನ್ನ ಅಂಗಾಲಿನ ಗುರುತು ನೋಡಿ, ಕಾಲೆತ್ತಿಕೊಂಡು ಅಲ್ಲೇ ನಿಂತ. ಬಾಯಿಗೆ ಬಂದದ್ದೆಲ್ಲ ಬೈದ. ಹಕ್ಕುಪತ್ರ ಅಂದ, ಪೊಲೀಸು ಅಂದ, ಪೇಟೆಯ ಒಂದು ಮನೆಯಲ್ಲೂ ಕೆಲಸ ಸಿಗದ ಹಾಗೆ ಮಾಡ್ತೀನಿ ಅಂದ. ಅವನು ಹೇಳಿದ್ದನ್ನೆಲ್ಲ ಮಾಡುತ್ತಾನೆ ಎಂದು ಗಾದ್ರಮ್ಮನಿಗೆ ಗೊತ್ತಿತ್ತು. ಇಂಜಿನಿಯರ್ ಕಾಲುಗಳನ್ನು ಸೋಫಾದ ಮೇಲೆತ್ತಿಕೊಂಡು, ಹೆಬ್ಬೆಟ್ಟು ಬೀಳದ ಕಾಗದ ಹಿಡಿದು ಕುಳಿತಿದ್ದ.

ಗಾದ್ರಮ್ಮ ಹೊಸ್ತಿಲ ಹೊರಗೆ ಎದ್ದು ನಿಂತಳು. ಪ್ಯಾಡನ್ನು ಜಗುಲಿಯ ಮೇಲಿಟ್ಟು, ಒಮ್ಮೆ ತಿರುಗಿ ನೋಡಿದಳು.

ಸಂಧ್ಯಾರಾಣಿ ಬಕೆಟ್ಟಿನ ಒದ್ದೆ ಬಟ್ಟೆ ಎಳೆದುಕೊಂಡು, ಜರಿಯಂಚಿನ ಸೀರೆಯಲ್ಲೇ ನೆಲಕ್ಕೆ ಕುಕ್ಕರಿಸಿ, ನೀರು ಸುರಿಸಿ, ಎರಡೂ ಕೈಯಿಂದ ಗಸಗಸ ಉಜ್ಜುತ್ತಿದ್ದಳು. ಹಾಗೆ ಉಜ್ಜಬಾರದು. ಮಸಿ ಕಲ್ಲಿನ ಒಳಕ್ಕೆ ಇಳಿಯುತ್ತದೆ, ಇಳಿದರೆ ಮತ್ತೆ ಬರುವುದಿಲ್ಲ. ಒಣ ಬಟ್ಟೆಯಿಂದ ಒತ್ತಿ ಒತ್ತಿ ಹೀರಬೇಕು, ಈಗಲೇ, ಹಸಿ ಇರುವಾಗಲೇ. ನೇರಳೆ ಬಣ್ಣ ಅಂಗೈಯಷ್ಟಗಲ ಇದ್ದದ್ದು ಮೊರದಷ್ಟಗಲವಾಯಿತು.

ಮಾತು ಗಾದ್ರಮ್ಮನ ನಾಲಗೆಯ ತುದಿಗೆ ಬಂತು.

ಹೇಳಲಿಲ್ಲ.