ಬೀಸುವ ಹಾಡಿನಷ್ಟು ಗಾಳಿ

ಕಂಚಿನ ತಾಟಿನ ಮೇಲೆ ಏನೋ ಉರುಳಿದ ಸಣ್ಣ ಸದ್ದಿಗೆ ಬಂಡಮ್ಮನಿಗೆ ಎಚ್ಚರವಾಯಿತು. ಇಲಿಯಲ್ಲ. ಉರುಳಿ, ನಿಂತು, ಮತ್ತೆ ಉರುಳಿತು. ಗಂಡ ಮಾಣಿಕಪ್ಪ ಚಿಮಣಿ ಹಚ್ಚಿಕೊಂಡು, ತಾಟನ್ನು ಓರೆಯಾಗಿ ಹಿಡಿದು ಸೀಸದ ಗುಂಡುಗಳನ್ನು ಒಂದೊಂದಾಗಿ ಬಿಡುತ್ತಿದ್ದ. ಓಲಾಡುತ್ತ ಹೋದವು ಚೀಲಕ್ಕೆ ಮರಳುತ್ತಿದ್ದವು. ನೆಟ್ಟಗೆ ಉರುಳಿದ ಒಂದಕ್ಕೆ ಕುರಿಯ ಕೊಬ್ಬು ಸವರಿ ರುಮಾಲಿನ ಮಡಿಕೆಯಲ್ಲಿಟ್ಟುಕೊಂಡ. ಒಂದೇ ಒಂದು.

ತೋಳಕ್ಕೆ ಹೊರಟವನು ಎಂದೂ ಒಂದೇ ಗುಂಡು ಒಯ್ದವನಲ್ಲ.

ಜಾಗೀರದಾರರ ಮನೆಗೆ ಬಂದ ಮೆಹಮಾನರೊಬ್ಬರು ಕೆಟ್ಟಿತೆಂದು ಬಿಟ್ಟುಹೋಗಿದ್ದ ಹವಾ ಬಂದೂಕು ಅವನದು. ಮದ್ದು ಬೇಡ, ಹಿಡಿಯ ಜಾಗದಲ್ಲಿದ್ದ ಕಬ್ಬಿಣದ ಬುರುಡೆಗೆ ಪಂಪಿನಿಂದ ಮೊದಲೇ ಗಾಳಿ ತುಂಬಬೇಕು. ಗಾಳಿ ಸೋರುವಲ್ಲಿ ಎಣ್ಣೆ ಕುಡಿಸಿದ ಕುರಿಯ ಚರ್ಮ ಹಾಕಿ ಮಾಣಿಕಪ್ಪ ಸರಿಮಾಡಿದ್ದ. ಕುರಿಗಾರನ ಮನೆ, ತೋಳದ ಕಾಟ ಇದ್ದೇ ಇತ್ತು. ಅವರ ಊರು ಮನೂರಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಆದರೆ ಗುರಿ ನಿಲ್ಲುತ್ತಿರಲಿಲ್ಲ. ಒಂದು ಗುಂಡು ಮೇಲೆ ಹೋದರೆ ಇನ್ನೊಂದು ಕೆಳಗೆ. ದಾರಿ ತೋರಿಸಿದವಳು ಬಂಡಮ್ಮನೇ.

"ಗಾಳಿ ಒಮ್ಮಿ ಜಾಸ್ತಿ, ಒಮ್ಮಿ ಕಮ್ಮಿ ಆಗ್ಲಕತ್ತದ. ನಡುವ ನಿಂತು ಬೀಡಿ ಸೇದ್ತೀರಿ, ಹ್ಯಾಂಗ ಸರಿ ಆಗತದ? ನಾ ಬೀಸುವಾಗ ಹಾಡ್ತೀನಲ್ಲ, ಹಾಡು ಸುರು ಆದ್ರ ಒತ್ರಿ. ಮುಗಿಸಿ ಕಲ್ಲಿಗಿ ಜ್ವಾಳ ಹಾಕಿದ್ರ ನಿಲ್ಸ್ರಿ."

ಅಂದಿನಿಂದ ಗುಂಡು ಒಮ್ಮೆ ಹೋದಲ್ಲಿಗೇ ಮತ್ತೆ ಮತ್ತೆ ಹೋಗತೊಡಗಿತು. ಗುರಿಗೆಂದು ಒಣಗಿದ ಸೋರೆಬುರುಡೆಯನ್ನು ಕಲ್ಲುಕಟ್ಟೆಯ ಮೇಲೆ ಇಡಿಸುತ್ತಿದ್ದ. "ತೋಳ ಕಟ್ಟಿ ಮ್ಯಾಲ ಕುಂದರತದೇನ್ರಿ?" ಎಂದು ಅವಳು ನಕ್ಕಿದ್ದಳು. "ನಮ್ಮೂರ ತೋಳ ಕುಂದರತದ," ಎಂದಿದ್ದ. ಅವನು ನಕ್ಕಿರಲಿಲ್ಲ.

ಆ ತೋಳ ಯಾವುದೆಂದು ಈಗ ಅವಳಿಗೆ ತಿಳಿಯಿತು. ಅವರ ಮಾಳಿಗೆಯ ಆಚೆ ಪಟೇಲ ಹಣಮಂತರಾಯನ ಹಿತ್ತಲು. ದಿನಾ ಬೆಳಕು ಹರಿಯುವಾಗ ಅವನು ಕಟ್ಟೆಯ ಮೇಲೆ ಕೂತು ಬೇವಿನ ಕಡ್ಡಿ ಅಗಿಯುತ್ತಾನೆ. ಹೋದ ಬೇಸಿಗೆಯಲ್ಲಿ ಮೈದುನ ಯಂಕಪ್ಪನನ್ನು ಬಿಟ್ಟಿ ಬೇಗಾರಿಗೆ ಹಿಡಿದು, ನಾರಾಯಣಖೇಡದವರೆಗೆ ತನ್ನ ಕುದುರೆಯ ಮುಂದೆ ಓಡಿಸಿದವನು ಅವನೇ. ಯಂಕಪ್ಪ ಹಾದಿಯಲ್ಲೇ ಬಿದ್ದು ಸತ್ತ. "ಈಗಿನ ಹುಡುಗ್ರಿಗಿ ದಮ್ಮೇ ಇಲ್ಲ," ಎಂದಿದ್ದ ಪಟೇಲ.

"ರೀ, ಈ ಬಂದೂಕ ಯಾರ ಮನ್ಯಾಗದ ಅಂತ ಊರಿಗೇ ಗೊತ್ತದ," ಬಂಡಮ್ಮ ಎದ್ದು ಕೂತಳು. "ನಿಮ್ಮನ್ನ ಗಲ್ಲಿಗಿ ಹಾಕ್ತಾರ. ಹಟ್ಟಿಗಿ ಬೆಂಕಿ ಹಚ್ಚತಾರ."

"ಹೊಗಿಲ್ಲ, ಸಪ್ಪಳಿಲ್ಲ. ನೋಡಿದವ್ರು ಯಾರು?"

"ಬ್ಯಾಡ್ರಿ. ಕಾಲು ಬೀಳ್ತೀನಿ."

"ಕೋಳಿ ಕೂಗ್ಯಾದ, ಏಳು. ನೀ ಹಾಡಂಗಿಲ್ಲಂದ್ರ ಅಂದಾಜಿಲೆ ಒತ್ತತೀನಿ. ತಪ್ಪಿ ಅವನ ಸೊಸಿಗಿ ಬಡೀತಂದ್ರ ಆ ಪಾಪ ನಿಂದು."

ಪಟೇಲನ ಸೊಸೆ ಬಸುರಿ. ಬಂಡಮ್ಮ ಬೀಸುವ ಕಲ್ಲಿನ ಮುಂದೆ ಕೂತಳು. ಗೂಟ ಹಿಡಿದಳು. ಅವಳು ಹಾಡಿದಳು, ಅವನು ಪಂಪು ಒತ್ತಿದ. ತವರಿನ ನುಡಿ ಮುಗಿಯಿತು, ಮಲ್ಲಯ್ಯನ ನುಡಿ ಮುಗಿಯಿತು. ಉಳಿದದ್ದು ಕಡೆಯ ನುಡಿ. ಅದು ಯಂಕಪ್ಪ ಹೋದ ಮೇಲೆ ಅವಳೇ ಕಟ್ಟಿದ್ದು, ದಿನಾ ಜೋಳ ಹಾಕುವ ಮೊದಲು ಯಾರಿಗೂ ಕೇಳದಂತೆ ಬಾಯೊಳಗೇ ಹಾಡಿಕೊಳ್ಳುತ್ತಿದ್ದದ್ದು:

*ಬ್ಯಾಸಿಗಿ ಬಿಸಿಲಾಗ ಕುದುರೀಯ ಮುಂದಾಗ*
*ಓಡ್ಯಾನ ನನ್ನ ಮೈದೂನ, ಹಾದ್ಯಾಗ*
*ನೆರಳೀಗಿ ನೀರ ಕೇಳ್ಯಾನ*

ಅದನ್ನು ಶುರುಮಾಡುವ ಮೊದಲೇ ಬಂಡಮ್ಮ ಮುಷ್ಟಿ ಜೋಳ ಕಲ್ಲಿನ ಬಾಯಿಗೆ ಸುರಿದಳು.

ಮಾಣಿಕಪ್ಪ ಪಂಪು ಬಿಚ್ಚಿದ. ಗುಂಡು ತುಂಬಿ ಮಾಳಿಗೆ ಹತ್ತಿದ. ತೊಗರಿ ಕಟ್ಟಿಗೆಯ ಹೊರೆಗಳ ಹಿಂದೆ ಅವನು ಮಲಗಿದ ಸದ್ದು ತಲೆಯ ಮೇಲೆ ಕೇಳಿತು. ಅವಳು ಹಿಂಬಾಗಿಲ ಸಂದಿಗೆ ಕಣ್ಣಿಟ್ಟಳು. ಪಟೇಲ ಬಂದು ಕೆರ ಕಳಚಿ, ಕಾಲು ಮಡಚಿ ಕೂತ.

ಯಾರೋ ಫಕ್ಕನೆ ಉಸಿರು ಬಿಟ್ಟಂತಾಯಿತು. ಅಷ್ಟೇ. ಕಟ್ಟೆಯ ಕೆಳಗಿದ್ದ ಒಂದು ಕೆರ ಜಿಗಿದು ಮಗುಚಿ ಬಿತ್ತು.

ಪಟೇಲ ಅದನ್ನೇ ನೋಡಿದ. ಇಳಿದು ಕೈಗೆತ್ತಿಕೊಂಡ. ಅವನ ಬೆರಳು ಚರ್ಮದ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬಂತು. ಬಾಯಿಂದ ಬೇವಿನ ಕಡ್ಡಿ ಜಾರಿತು. ತಲೆಯೆತ್ತಿ ಮಾಳಿಗೆಗಳನ್ನು ಒಂದೊಂದಾಗಿ ನೋಡಿದ. ಕೂಗಲಿಲ್ಲ.

"ಏನಾತ್ರಿ ಮಾವ?" ಒಳಗಿನಿಂದ ಸೊಸೆಯ ದನಿ.

"ಏನಿಲ್ಲವ್ವ. ನಾಯಿ." ಹರಿದ ಕೆರವನ್ನು ಧೋತರದೊಳಗೆ ಮುಚ್ಚಿಕೊಂಡು, ಒಂದೇ ಕೆರ ಮೆಟ್ಟಿ ಒಳಗೆ ಹೋದ. ಅಗಳಿ ಬಿದ್ದ ಸದ್ದಾಯಿತು.

ಬಂಡಮ್ಮ ಸಂದಿಯಿಂದ ಕಣ್ಣು ತೆಗೆದಳು. ಗುಂಡು ಮಣ್ಣು ಸೇರುತ್ತದೆ ಎಂದುಕೊಂಡಿದ್ದಳು. ಅಷ್ಟು ದಪ್ಪ ತೊಗಲು! ಆ ಎದೆಗೂ ಆ ಕೆರಕ್ಕೂ ನಡುವೆ ಇದ್ದದ್ದು ಹಾಡದೆ ಬಿಟ್ಟ ಒಂದೇ ನುಡಿಯಷ್ಟು ಗಾಳಿ.

ಮಾಣಿಕಪ್ಪ ಇಳಿದು ಬಂದು ನೆಲದ ಮೇಲೆ ಕೂತ. "ಎದೀಗೇ ಹಿಡದಿದ್ದೆ. ಕೈ ಅಲುಗಿಲ್ಲ, ದೇವರಾಣಿ," ಎಂದ. ಬಂದೂಕು ಪಕ್ಕಕ್ಕಿಟ್ಟು ಕೇಳಿದ, "ಯಂಕ್ಯಾನೇ ಬ್ಯಾಡ ಅಂದನೇನ, ಬಂಡಮ್ಮ?"

ಅವಳು ಬಾಯಿ ತೆರೆದಳು. ಅವನ ಕಣ್ಣು ನೋಡಿ ಮುಚ್ಚಿದಳು. ಯಾರಿಗೂ ಹೇಳುವುದಲ್ಲ. ಇವನಿಗಂತೂ ಅಲ್ಲವೇ ಅಲ್ಲ.

"ಅಂದಿರಬೇಕು," ಎಂದಳು.

ಕಲ್ಲಿನ ಬಾಯಲ್ಲಿ ಜೋಳ ಹಾಗೇ ಇತ್ತು. ಬಂಡಮ್ಮ ಗೂಟ ಹಿಡಿದು ತಿರುಗಿಸಿದಳು. ಬಿಟ್ಟ ನುಡಿಗೆ ತುಟಿಗಳು ಆಡಿದವು, ದನಿ ಬರಲಿಲ್ಲ. ಕಲ್ಲಿನ ಸುತ್ತ ಹಿಟ್ಟು ಬೆಳ್ಳಗೆ ಬೀಳುತ್ತಿತ್ತು.